ಇನ್ನೊಂದೇ ರೀಡಿಂಗ್, ಮಾವ

ಕಳೆದ ಭಾನುವಾರ ನನ್ನ ತಂಗಿಯ ಮೊಬೈಲು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವಳು ಎತ್ತಲಿಲ್ಲ. ನಾನು ಎತ್ತಿದೆ. ಎತ್ತಬಾರದಿತ್ತು.

"ಎಲ್ಲಿ ಅತ್ಗೆ ಇವ್ಳು? ಗಂಡಿನೋರು ಅರಕಲಗೂಡು ಬಿಟ್ಟಾಯ್ತಂತೆ!" ಆ ಕಡೆಯಿಂದ ಅವಳ ಗಂಡ.

ತಂಗಿ ವಿನುತಾ ಚನ್ನರಾಯಪಟ್ಟಣದಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ನುಗ್ಗೇಹಳ್ಳಿಯ ಮನೆಗೆ ಹಿರಿಸೊಸೆ. ರಜೆ ಸಿಕ್ಕಾಗಲೆಲ್ಲ ಹಾಸನದ ಕಾಲೇಜೊಂದರ ಲ್ಯಾಬಿನಲ್ಲಿ ಪಿಎಚ್‌ಡಿ ಕೆಲಸ. (ಹಿಂದೊಮ್ಮೆ ಇದೇ ಅಂಕಣದಲ್ಲಿ ಅವಳ ಸ್ಕೂಟರ್ ಕಥೆ ಬರೆದು ಬೈಸಿಕೊಂಡಿದ್ದು ನಿಮಗೆ ನೆನಪಿರಬಹುದು.) ಅವತ್ತು ಜೊತೆಗಿರು ಅಂತ ನನ್ನನ್ನೂ ಲ್ಯಾಬಿಗೆ ಕರೆದಿದ್ದಳು. ಅವಳ ನಾದಿನಿಯನ್ನು ನೋಡಲು ಮುಂದಿನ ವಾರ ಬರಬೇಕಿದ್ದವರು ದಿಢೀರನೆ ಫೋನ್ ಮಾಡಿ "ಇವತ್ತೇ ಬತ್ತೀವಿ" ಅಂದಿದ್ದರು. ಅಷ್ಟರಲ್ಲಿ ಇವಳ ಪ್ರಯೋಗ ಶುರುವಾಗಿಬಿಟ್ಟಿತ್ತು.

ಅವಳದು ದ್ರವಸ್ಫಟಿಕದ ಕೆಲಸ. ನೀರಿನಂತೆ ಹರಿಯುವ, ಆದರೆ ಅಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವ ವಸ್ತು. ನಿಮ್ಮ ಕ್ಯಾಲ್ಕುಲೇಟರಿನಲ್ಲಿ ಅಂಕಿ ಮೂಡಿಸುವುದು ಇದೇ ಜಾತಿಯದು. ಇವಳ ಸ್ಯಾಂಪಲ್ಲನ್ನು ಕಾಯಿಸಿ ಮೆಲ್ಲಗೆ ತಣಿಸಿದರೆ, ಒಂದು ಹಂತದಲ್ಲಿ ಆ ಅಣುಗಳು ಪದರ ಪದರವಾಗಿ ಕೂರುತ್ತವೆ. ಕೂರುವ ಮುಂಚಿನ ಆ ಗಳಿಗೆಯಲ್ಲಿ ಏನಾಗುತ್ತದೆ? ಅದೇ ಅವಳ ಥೀಸಿಸ್.

"ಹತ್ತಿರ ಹೋದಷ್ಟೂ ಸೆಟಲ್ ಆಗೋಕೆ ಜಾಸ್ತಿ ಹೊತ್ತು ತಗೊಳುತ್ತೆ ಅಕ್ಕ. ಪದರದ ತುಣುಕುಗಳು ಹುಟ್ತವೆ, ಕರಗ್ತವೆ, ಮತ್ತೆ ಇನ್ನೂ ದೊಡ್ಡದಾಗಿ ಹುಟ್ತವೆ. ಅವಸರ ಮಾಡಿದ್ರೆ ದಾಟೇ ಹೋಗುತ್ತೆ. ನನಗೆ ಬೇಕಾಗಿದ್ದೇ ಸಿಗಲ್ಲ."

"ನಾಳೆ ಮಾಡು."

"ಇರೋದೇ ಇಷ್ಟು ಸ್ಯಾಂಪಲ್. ಕಾಯಿಸಿದಾಗಲೆಲ್ಲ ಕೆಡುತ್ತೆ."

ಕಂಪ್ಯೂಟರಿನಲ್ಲಿ ರೀಡಿಂಗ್ ತೋರಿಸುವ ಗೆರೆ ನಿಲ್ಲದೆ ಓಲಾಡುತ್ತಿತ್ತು. ಈಗ ಕರೆಂಟ್ ಹೋದರೆ?

ಅಷ್ಟರಲ್ಲಿ ಅವಳ ಮಾವ ರಂಗೇಗೌಡರು ಬಂದರು. ಹೂವು ಹಣ್ಣು ಕೊಳ್ಳಲು ಹಾಸನಕ್ಕೆ ಬಂದವರು, ಸೊಸೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗೋಣ ಅಂತ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತರು.

"ಓಗಾನ ನಡಿಯವ್ವ. ಬಂದೋರ್ಗೆ ಕಾಪಿ ಕೊಡಕೆ ಸೊಸೆ ಇಲ್ಲ ಅಂದ್ರೆ ಏನಂದ್ಕಂತಾರೆ?"

"ಇನ್ನೊಂದೇ ರೀಡಿಂಗ್, ಮಾವ."

"ಮೊದ್ಲು ನಾನ್ ಪೋನ್ ಮಾಡ್ದಾಗ್ಲೂ ಅಂಗೇ ಅಂದೆ." ಅವರು ಪಕ್ಕದಲ್ಲಿ ಮೈಕ್ರೋಸ್ಕೋಪಿನ ಚಿತ್ರ ಕಾಣುವ ಪರದೆಯತ್ತ ಬಗ್ಗಿದರು. "ಇದೇನವ್ವ ಇಂಗೆ ಮಿಣಮಿಣ ಅಂತದೆ?"

"ಅದು ನಿಲ್ಲೋದನ್ನೇ ಕಾಯ್ತಿದೀನಿ."

ಗೌಡರು ಸಿಟ್ಟಾಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತು. ದನಿ ತಗ್ಗಿಸಿ ಹೇಳಿದರು: "ಆಗ್ಲೇ ಎಲ್ಡು ಸಂಬಂಧ ತಪ್ಪೋಗವೆ ಕಣವ್ವ. ಇದೂ ತಪ್ಪೋದ್ರೆ ಆ ಮಗೀನ ಮಕ ಎಂಗೆ ನೋಡ್ಲಿ?"

ವಿನುತಾಳ ಕೈ ಕಂಪ್ಯೂಟರಿನ ಮೌಸಿನತ್ತ ಹೋಯಿತು. ಒಂದೇ ಸಲಕ್ಕೆ ಉಷ್ಣಾಂಶ ಇಳಿಸಿ ಎದ್ದುಬಿಡಬಹುದಿತ್ತು. ಕೈ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಬಂತು.

"ನೀವು ಹೋಗಿರಿ ಮಾವ. ಮುಗಿಸಿಕೊಂಡು ಬರ್ತೀನಿ."

ಗೌಡರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅಂತೂ ಗೆರೆ ನಿಂತಿತು. ಅವಳು ಮತ್ತೊಂದಿಷ್ಟೇ ಇಳಿಸಿದಳು, ಮತ್ತೆ ಕಾದಳು. ಪರದೆಯ ಮಿಣುಕಾಟ ತಣ್ಣಗಾಯಿತು. ಬೇಕಾದ ರೀಡಿಂಗ್ ಸಿಕ್ಕಿತ್ತು. ಖುಷಿಪಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ನನ್ನ ಕಾರಿನಲ್ಲಿ ಹೊರಟೆವು. ಚನ್ನರಾಯಪಟ್ಟಣ ದಾಟಿದ ಮೇಲೆ ಕೇಳಿದಳು: "ಅಕ್ಕ, ಗಂಡಿನವರು ಎದ್ದು ಹೋಗಿದ್ರೆ?"

ನಾನು ಗೇರ್ ಬದಲಾಯಿಸಿದೆ.

ಮನೆಯಲ್ಲಿ ಗಂಡಿನ ಕಡೆಯವರೆಲ್ಲ ಕೂತಿದ್ದರು. ಗಂಡು ಮಾತ್ರ ಇರಲಿಲ್ಲ! ಮೈಸೂರಿನಿಂದ ನೇರ ಬರಬೇಕಿದ್ದವನು ಇನ್ನೂ ಹೊರಟೇ ಇರಲಿಲ್ಲವಂತೆ. ಅವನ ತಾಯಿ ಹೇಳುತ್ತಿದ್ದರು: "ಆಪೀಸಲ್ಲಿ ಏನೋ ಅರ್ಜೆಂಟು. ಬಾನ್ವಾರಾನೂ ಬುಡಕಿಲ್ಲ."

"ಅಯ್ಯೋ ಪಾಪ," ಅಂದರು ವಿನುತಾಳ ಅತ್ತೆ, ಮನಸಾರೆ. "ಕೆಲ್ಸ ಅಂದ್ಮೇಲೆ ಮುಗ್ಸೇ ಬರ್ಬೇಕಲ್ವ? ನಿಧಾನುಕ್ಕೆ ಬರ್ಲಿ ಬುಡಿ."

ಆಮೇಲೆ ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದರು. ಮುಖ ಗಂಟಿಕ್ಕಿತು. "ಈಗ್ ಬಂದ್ಯಾ?"

ರಂಗೇಗೌಡರು ನೆಲ ನೋಡುತ್ತಾ ಕೂತರು. ವಿನುತಾ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು. ಹುಡುಗ ಬಂದಾಗ ಮೂರನೇ ಸಲದ ಕಾಫಿ ಅವಳೇ ಕೊಟ್ಟಳು. ಒಪ್ಪಿಗೆಯೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೂ ಅವರಿಂದ ಸುದ್ದಿಯಿಲ್ಲ. ವಿನುತಾ ಸರಿಯಾಗಿ ಊಟ ಮಾಡುತ್ತಿಲ್ಲ.

ಭಾನುವಾರ ಕೆಲಸ ಮಾಡಿದ ಹುಡುಗ ‘ಅಯ್ಯೋ ಪಾಪ’ ಆದರೆ, ಅದೇ ಭಾನುವಾರ ಕೆಲಸ ಮಾಡಿದ ನನ್ನ ತಂಗಿ ಏನು?