ಕೌದಿಯ ಹೊಟ್ಟೆಯಲ್ಲಿದ್ದ ರಾಷ್ಟ್ರಪತಿಯ ಬಾವುಟ

ಅಫಜಲಪುರದ ಬಜಾರಿನಲ್ಲಿ ಕೆಲವು ಹಿರಿಯರು ಇವತ್ತಿಗೂ ನನ್ನನ್ನು ‘ಆನಿ ಟೇಲರ್ ಮೊಮ್ಮಗಳು’ ಎಂದೇ ಗುರುತಿಸುತ್ತಾರೆ. ಹದಿನೆಂಟು ವರ್ಷದಿಂದ ಇಲ್ಲಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ಅದನ್ನು ಯಾರು ಕೇಳುತ್ತಾರೆ! ಅವ್ವನ ಎದುರು ಮಾತ್ರ ಆ ಹೆಸರು ಎತ್ತುವಂತಿಲ್ಲ. ಎತ್ತಿದರೆ ಆ ದಿನ ಅವಳು ಸರಿಯಾಗಿ ಊಟ ಮಾಡುವುದಿಲ್ಲ.

ಮುತ್ಯಾ, ಅಂದರೆ ಅವ್ವನ ಅಪ್ಪ, ಹೈದರಾಬಾದಿನಲ್ಲಿ ಹೊಲಿಗೆ ಕಲಿತು ಬಂದವರು. ಅಲ್ಲಿ ತಮ್ಮ ಉಸ್ತಾದರ ಜೊತೆ ಕೂತು ರಾಷ್ಟ್ರಪತಿಯ ಕಾರಿಗೆ ಕಟ್ಟುವ ಬಾವುಟ ಹೊಲಿದಿದ್ದೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಅವ್ವನಿಗೆ ಹತ್ತು ವರ್ಷವಿದ್ದಾಗ, ೧೯೭೨ರಲ್ಲಿ, ರಾಷ್ಟ್ರಪತಿಗಳು ಈ ಕಡೆ ಬರುತ್ತಾರೆಂಬ ಸುದ್ದಿ ಹಬ್ಬಿ, ಯಾವುದೋ ಕಚೇರಿಯಿಂದ ಬಾವುಟದ ಕೆಲಸ ಅವರ ಅಂಗಡಿಗೆ ಬಂತು. ನನಗೆ ಎಲ್ಲಾ ಗೊತ್ತು ಎಂದು ಮುತ್ಯಾ ಯಾರನ್ನೂ ಕೇಳದೆ ಎರಡು ದಿನ ಕೂತು ಹೊಲಿದರು. ಎರಡು ನೀಲಿ ಚೌಕ, ಎರಡು ಕೆಂಪು ಚೌಕ. ಒಂದರಲ್ಲಿ ಸಿಂಹ, ಒಂದರಲ್ಲಿ ಆನೆ, ಒಂದರಲ್ಲಿ ತಕ್ಕಡಿ, ಒಂದರಲ್ಲಿ ಕೊಡ. ಕಚೇರಿಯವರು ಬಿದ್ದು ಬಿದ್ದು ನಕ್ಕರು. ದೇಶದ ಬಾವುಟಕ್ಕೆ ಮೂರು ಬಣ್ಣ, ಇದೇನು ಸರ್ಕಸ್ ಡೇರೆಗೆ ಹೊಲಿದದ್ದೋ ಎಂದು ತಿರುಗಿ ಎಸೆದರಂತೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಸಂಜೆಯೊಳಗೆ ಬಜಾರು ಆ ಆನೆಯನ್ನೇ ಹಿಡಿದು ‘ಆನಿ ಟೇಲರ್’ ಎಂದು ಹೊಸ ಹೆಸರಿಟ್ಟಿತು. ಹೈದರಾಬಾದಿನ ಮಾತೆಲ್ಲ ಬರೀ ಬುರುಡೆ ಎಂದೂ ತೀರ್ಮಾನವಾಯಿತು. ರಾಷ್ಟ್ರಪತಿಗಳಂತೂ ಬರಲೇ ಇಲ್ಲ.

ಆ ವಾರ ಆಯಿ, ನನ್ನ ಅಜ್ಜಿ, ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನಮ್ಮಲ್ಲಿ ಕೌದಿಯ ಕೊನೆಯ ಸಾಲು ಮುಚ್ಚುವ ಮೊದಲು ಗೇಣುದ್ದ ಜಾಗ ಬಿಟ್ಟು, ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಇದಕ್ಕೆ. ಆಯಿ ಆ ಸಲ ರೊಟ್ಟಿ ಇಡಲಿಲ್ಲ. ಬಾವುಟವನ್ನೇ ಮಡಚಿ ತುರುಕಿ ಹೊಲಿದುಬಿಟ್ಟಳು.

ನನಗೋ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಹೋದ ವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಯ ಗೋಡೆಹಲಗೆಗೆ ಬಾವುಟಗಳ ಕಥೆ ಬರೆಯಬೇಕಿತ್ತು. ಫೋನಿನಲ್ಲಿ ಹುಡುಕುತ್ತ ಹೋದೆ. ವೈಸ್‌ರಾಯ್‌ಗೆ ನಕ್ಷತ್ರದ ಬಾವುಟವೊಂದಿತ್ತಂತೆ. ಅರೆ, ದೊಡ್ಡವರಿಗೇ ಬೇರೆ ಬಾವುಟ ಯಾಕೆ, ನಮ್ಮ ರಾಷ್ಟ್ರಪತಿಗೂ ಇತ್ತೇ ಎಂದು ಇನ್ನೊಂದು ಪುಟ ತೆರೆದೆ. ತೆರೆದವಳು ಸ್ಟಾಫ್ ರೂಮಿನಲ್ಲಿ ಎದ್ದು ನಿಂತೆ. ಎರಡು ನೀಲಿ, ಎರಡು ಕೆಂಪು. ಸಾರನಾಥದ ಸಿಂಹ, ಅಜಂತಾದ ಆನೆ, ಕೆಂಪುಕೋಟೆಯ ತಕ್ಕಡಿ, ಸಾರನಾಥದ್ದೇ ಕಮಲದ ಕೊಡ. ೧೯೫೦ರಿಂದ ೧೯೭೧ರವರೆಗೆ ರಾಷ್ಟ್ರಪತಿಗೆ ಅದೇ ಬಾವುಟ. ಆಮೇಲೆ ನಮಗೆಲ್ಲ ಇರುವ ತ್ರಿವರ್ಣವೇ ಅವರಿಗೂ. ಬದಲಾದ ಸುದ್ದಿ ಮುತ್ಯಾನ ಹೊಲಿಗೆ ಯಂತ್ರದ ತನಕ ಬಂದಿರಲಿಲ್ಲ, ಅಷ್ಟೇ.

ಶಾಲೆ ಬಿಟ್ಟಕೂಡಲೇ ಅತನೂರಿನ ಬಸ್ಸು ಹಿಡಿದೆ. ಅವ್ವ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದವಳ ಮುಂದೆ ಫೋನು ಹಿಡಿದೆ. ನಾನು ಎಲ್ಲ ಹೇಳಿ ಮುಗಿಸಿದರೂ ಅವಳು ಹಿಗ್ಗಲಿಲ್ಲ. ಮಂದಿ ಹೇಳಿದ್ದಷ್ಟೇ ಕೇಳಿದ್ದೇವೆ, ಮುತ್ಯಾ ಹೊಲಿದದ್ದೂ ಇದೇ ಎಂದು ಏನು ಖಾತ್ರಿ ಎಂದಳು. ಕೌದಿ ಬಿಚ್ಚಿ ನೋಡೋಣ ಎಂದೆ. ಅವಳ ಮುಖ ಕಪ್ಪಿಟ್ಟಿತು. ಬೇರೆ ಏನಾದರೂ ಇದ್ದರೆ ಅಪ್ಪ ಸುಳ್ಳುಗಾರ ಎಂಬುದು ಗಟ್ಟಿಯಾಗಿಬಿಡುತ್ತದೆ ಎಂಬ ಹೆದರಿಕೆ ಅವಳಿಗೆ. ಒಂದೊಂದೇ ಎಲೆ ಬಿಡಿಸಿದಳು.

“ಮಂದಿ ಅಂದದ್ದು ಬಿಡು,” ಎಂದಳು ಕಡೆಗೆ. “ನಾನೂ ಅಂದಿದ್ದೆ ಬೇ. ಸುಳ್ಳ್ಯಾಕ ಹೇಳಿದಿ ಅಪ್ಪಾ ಅಂತ, ಎದುರಾ ನಿಂತು ಕೇಳಿದ್ದೆ.”

ಐವತ್ತು ವರ್ಷ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನಗೆ ಅಳು ಬಂತು. ಅವಳು ಅಳಲಿಲ್ಲ, ಎದ್ದು ಹೋಗಿ ಟ್ರಂಕಿನಿಂದ ಕೌದಿ ತಂದು, ತಾನೇ ಕತ್ತರಿ ಹಿಡಿದಳು.

ಹಳೆ ದಾರ ಮುಟ್ಟಿದರೆ ಹರಿಯುತ್ತಿತ್ತು. ಬಾವುಟ ಹೊರಬಂತು, ಬಣ್ಣ ಇನ್ನೂ ಇತ್ತು. ಫೋನು ಪಕ್ಕದಲ್ಲಿಟ್ಟು ಒಂದೊಂದೇ ಚೌಕಕ್ಕೆ ಬೆರಳಿಟ್ಟೆವು. ಸಿಂಹ ಸರಿ. ಆನೆ ಸರಿ. ತಕ್ಕಡಿ ಸರಿ. ನಾಲ್ಕನೆಯದಕ್ಕೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಕೊಡದಲ್ಲಿ ಕಮಲ ಇರಲಿಲ್ಲ. ಐದು ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ಮದುವೆಮನೆಯ ಕಳಸ! ಹೈದರಾಬಾದಿನಲ್ಲಿ ಕಂಡದ್ದನ್ನು ಮುತ್ಯಾ ನೆನಪಿಟ್ಟುಕೊಂಡಿದ್ದರು, ಕೊಡ ಬಂದಾಗ ಕೈ ತನಗೆ ಗೊತ್ತಿದ್ದದ್ದನ್ನು ಹೊಲಿದಿತ್ತು. ಅವ್ವನೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಬಾವುಟವನ್ನು ನನ್ನ ಕೈಗಿಟ್ಟು, ಶಾಲೆಯ ಹಲಗೆಗೆ ಹಾಕು, ಕೆಳಗೆ ಅಪ್ಪನ ಹೆಸರು ಬರೆ ಎಂದಳು. ಆಮೇಲೆ ಒಳಗೆ ಹೋಗಿ ಬುಟ್ಟಿಯಿಂದ ಒಂದು ಜೋಳದ ರೊಟ್ಟಿ ತಂದಳು. ಚೂರು ಸಾಲದೆಂದು ಇಡೀ ರೊಟ್ಟಿಯನ್ನೇ ಮುರಿದು ಕೌದಿಯ ಹೊಟ್ಟೆಗೆ ತುಂಬಿ, ಸೂಜಿಗೆ ದಾರ ಪೋಣಿಸಿ ಕೊಡು ಎಂದು ನನ್ನ ಕಡೆ ಚಾಚಿದಳು.

“ಅವತ್ತ ಅಪ್ಪ ಉಣಲಾರದಾ ಮಲ್ಕೊಂಡಿದ್ದ,” ಎಂದಳು.