ಚಿಕ್ಕಯ್ಯನ ಮದುವೆ ಕಾರಿಗೆ ಬಿದ್ದ ಬೆಂಕಿ

ಕೆಸರೆಯ ಚಿಕ್ಕಯ್ಯನಿಗೆ ಎರಡು ಹೆಮ್ಮೆ. ಒಂದು ಅವನ ಹಳದಿ ಬೋರ್ಡಿನ ಕೆಂಪು ಕಾರು, ಇನ್ನೊಂದು ಮದುವೆಯ ದಿನ ಆ ಕಾರಿಗೆ ಅವನೇ ಕೂತು ಕಟ್ಟುವ ಹೂವು. ಬೇರೆಯವರು ಬಾನೆಟ್ಟಿನ ಮೇಲೆ ಒಂದು ಗುಚ್ಛ ಅಂಟಿಸಿ ಕೈತೊಳೆದುಕೊಂಡರೆ, ಇವನು ದೇವರಾಜ ಮಾರುಕಟ್ಟೆಯಿಂದ ಮೂಟೆಗಟ್ಟಲೆ ಸುಗಂಧರಾಜ ತಂದು ಕಾರಿನ ಮುಂಭಾಗವನ್ನೆಲ್ಲ ಚಾಪೆ ಹೆಣೆದ ಹಾಗೆ ಮುಚ್ಚುತ್ತಿದ್ದ. ಎಂಜಿನ್ನಿಗೆ ಗಾಳಿ ಹೋಗುವ ಜಾಲರಿ ಒಂದಿಷ್ಟು ಕಂಡರೂ ಅವನಿಗೆ ಅವಮಾನ.

"ಹೆಣ್ಣು ಕೂರೋ ಕಾರು ಹಲ್ಲು ಕಿರೀಬಾರ್ದು ಕಣೇ," ಎಂದು ಹೆಂಡತಿ ಬೋರಮ್ಮನಿಗೆ ಹೇಳುತ್ತಿದ್ದ.

ಮದುವೆಗಳೆಲ್ಲ ನಾಲ್ಕು ಬೀದಿ ಆಚೆಗೇ ಇರುತ್ತಿದ್ದುದರಿಂದ ಇಷ್ಟು ವರ್ಷ ನಡೆದುಹೋಯಿತು. ಈ ವೈಶಾಖದಲ್ಲಿ ಮಾತ್ರ ಹೆಣ್ಣನ್ನು ಊರಿನ ಇನ್ನೊಂದು ತುದಿಯ ಬೋಗಾದಿಯ ಛತ್ರಕ್ಕೆ ಕರೆದೊಯ್ಯಬೇಕಾಯಿತು. ಉರಿಬಿಸಿಲು, ಸಿಗ್ನಲ್ ಸಿಗ್ನಲ್ಲಿಗೂ ನಿಲ್ಲಬೇಕು. ಅರ್ಧ ದಾರಿಗೇ ಸುಟ್ಟ ವಾಸನೆ ಬಂತು, ಮುಂದಿನ ಸೀಟಿನಲ್ಲಿದ್ದ ಬೋರಮ್ಮ ಮೂಗಿಗೆ ಸೆರಗು ಹಿಡಿದಳು. ಹಿಂದೆ ಕೂತಿದ್ದ ಹೆಣ್ಣಿನ ತಾಯಿ, "ಮುಹೂರ್ತ ಮೀರ್ತದೆ, ಓಡ್ಸಪ್ಪ," ಎಂದರು. ಓಡಿಸಿದ. ಛತ್ರದ ಮುಂದೆ ಹೆಣ್ಣು ಇಳಿದು ಎರಡು ಹೆಜ್ಜೆ ಇಟ್ಟಿದ್ದಳು, ಎಂಜಿನ್ನು ಗಕ್ಕೆಂದು ತಾನಾಗಿ ನಿಂತಿತು. ಹೂವಿನ ಸಂದಿಯಿಂದ ಹೊಗೆ, ಹೊಗೆಯ ಹಿಂದೆಯೇ ಬೆಂಕಿ. ಅಡಿಗೆಯವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದು ಸುರಿದರು.

ಮುಂದಿನ ತಿಂಗಳಿಗೆ ಐದು ಮದುವೆ ಒಪ್ಪಿಕೊಂಡಿದ್ದ ಚಿಕ್ಕಯ್ಯನಿಗೆ ಜೀವವೇ ಬಾಯಿಗೆ ಬಂದಿತ್ತು. ಇನ್ಶೂರೆನ್ಸ್‌ನವರು ಕೊಟ್ಟರೆ ಮಾತ್ರ ಕಾರು ಏಳುತ್ತದೆ. ಆದರೆ ಬೆಂಕಿಯ ಮಾತು ಎತ್ತಬಾರದು ಎಂದು ಬೋರಮ್ಮನಿಗೆ ತಾಕೀತು ಮಾಡಿದ.

"ಮದ್ವೆ ಕಾರು ಉರೀತು ಅಂದ್ರೆ ಇನ್ಯಾರು ಕರೀತಾರೆ? ಎಂಜಿನ್ ಕೆಟ್ಟೋಯ್ತು ಅಂದ್ಬುಡಾಣ."

"ಆರ್ನೂರು ಜನ ನೋಡವ್ರಲ್ರೀ!"

"ಅವ್ರು ಊಟಕ್ಕೆ ಬಂದೋರು, ಮರ್ತ್ಬುಡ್ತಾರೆ. ಕಾಗ್ದದಲ್ಲಿ ಬರೆದ್ರೆ ನಿಂತೋಯ್ತದೆ."

ಮೂರನೆಯ ದಿನ ಗಂಡ ಹೆಂಡತಿ ಕಾಯುತ್ತಿದ್ದ ಮೆಕ್ಯಾನಿಕ್ ಹರೀಶನ ಶೆಡ್ಡಿಗೆ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ವಾಗೀಶರು ಬಂದರು. ಕನ್ನಡಕ ಏರಿಸಿ ಬಾನೆಟ್ ಎತ್ತಿದರು.

"ಇದೇನು ಇಷ್ಟು ಕಪ್ಪಗಿದೆ?"

"ಹಳೇ ಬಣ್ಣ ಸ್ವಾಮಿ."

"ಕಾರು ಕೆಂಪು, ಹಳೇ ಬಣ್ಣ ಕಪ್ಪೇ?" ಅವರು ಎಂಜಿನ್ನಿನ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಮೂಸಿದರು. "ಕರಿಬೇವು. ಸಾಸಿವೆನೂ ಇದೆ."

"ಬುತ್ತಿ ಚೆಲ್ತು ಸ್ವಾಮಿ."

"ಬುತ್ತಿ ಎಂಜಿನ್ ಮೇಲೆ ಇಟ್ಕೊಂಡಿದ್ರಾ?"

"ಬಿಸಿಯಾಗಿರ್ಲಿ ಅಂತ."

ಹರೀಶ ಗೋಡೆಯ ಕಡೆ ತಿರುಗಿ ಕೆಮ್ಮಿದ. ವಾಗೀಶರು ನಗಲಿಲ್ಲ. "ನೋಡಿ ಚಿಕ್ಕಯ್ಯನವರೇ, ಎಂಜಿನ್ ತಾನಾಗಿ ಕೆಟ್ಟರೆ, ಸವೆದುಹೋದರೆ ಪಾಲಿಸೀಲಿ ಬಿಡಿಗಾಸೂ ಬರಲ್ಲ. ಬೆಂಕಿ ಬಿದ್ದಿದ್ರೆ ಸುಟ್ಟಿದ್ದಕ್ಕೆ ಬರುತ್ತೆ. ಬೆಂಕಿ ಇತ್ತೋ, ಇಲ್ವೋ?"

ಚಿಕ್ಕಯ್ಯ ಒಮ್ಮೆ ಕಾರನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಮಾನವೋ ಕಾರೋ?

"ಇತ್ತು ಸ್ವಾಮಿ! ಎರಡಾಳೆತ್ತರ ಇತ್ತು!"

"ಎಲ್ರೀ ಎರಡಾಳು?" ಎಂದಳು ಬೋರಮ್ಮ. "ಒಂದು ಮೊಳ ಇತ್ತು ಸ್ವಾಮಿ. ನಾಲ್ಕು ಕೊಡ ನೀರು, ಐದನೇದು ಮಜ್ಜಿಗೆ. ಒಗ್ಗರಣೆ ಹಾಕಿದ್ದು."

"ವಾಸನೆ ಯಾವಾಗ ಬಂತಮ್ಮ?"

"ಅರ್ಧ ದಾರೀಲೇ ಬಂತು."

ಚಿಕ್ಕಯ್ಯ ಅವಳ ಕಾಲು ತುಳಿಯಲು ಹೋಗಿ ಗ್ರೀಸ್ ಡಬ್ಬ ತುಳಿದ.

ವಾಗೀಶರು ನಿಧಾನವಾಗಿ ಬಿಡಿಸಿ ಹೇಳಿದರು. ಸುಟ್ಟ ವೈರು, ಪೈಪು, ಬಾನೆಟ್ಟಿಗೆ ಕಂಪನಿ ದುಡ್ಡು ಕೊಡುತ್ತದೆ. ಅದರಲ್ಲೂ ರಬ್ಬರಿನದಕ್ಕೆ ಪೂರ್ತಿ ಬರುವುದಿಲ್ಲ. ಬಿಸಿಯಾಗಿದ್ದು ಗೊತ್ತಿದ್ದೂ ಓಡಿಸಿದ್ದರಿಂದ ಎಂಜಿನ್ನು ಒಳಗೇ ಬಿಗಿದು ತಿರುಗದ ಹಾಗೆ ಹಿಡಿದುಕೊಂಡಿದೆ, ಅದನ್ನು ಬೆಂಕಿಯ ಲೆಕ್ಕಕ್ಕೆ ಹಾಕಲಾಗದು.

"ಅರ್ಧಕ್ಕರ್ಧ ಹೋಯ್ತಲ್ಲೇ," ಎಂದ ಚಿಕ್ಕಯ್ಯ.

"ನೀವ್ ಹೇಳ್ದಂಗೆ ಹೇಳಿದ್ರೆ ಪೂರ್ತಿ ಹೋಗ್ತಿತ್ತು," ಎಂದಳು ಬೋರಮ್ಮ.

ಬೋರಮ್ಮ ಮೊಬೈಲಿನಲ್ಲಿ ತೋರಿಸಿದ ಮದುವೆಯ ಫೋಟೋ ನೋಡಿ ವಾಗೀಶರು ಕಾಗದಕ್ಕೆ ಬರೆಯುತ್ತಾ ಓದಿದರು: "ಕಾರಣ, ಜಾಲರಿಗೆ ಹೂವು ಮುಚ್ಚಿ ಗಾಳಿ ಹೋಗದೆ ಎಂಜಿನ್ ಕಾದದ್ದು."

ಚಿಕ್ಕಯ್ಯ ಕಾಗದದ ಮೇಲೆ ಬಗ್ಗಿದ. "ತಪ್ಪು ಬರ್ಕೊಳಿ ಸ್ವಾಮಿ, ಆಗ್ಲಿ. ಅಲಂಕಾರ ಚೆನ್ನಾಗಿತ್ತು ಅಂತಾನೂ ಒಂದ್ಮಾತು ಹಾಕಿ."

ವಾಗೀಶರು ಆ ಫೋಟೋವನ್ನು ಮತ್ತೊಮ್ಮೆ ನೋಡಿ, ಯೋಚಿಸಿ ಸೇರಿಸಿದರು: "ಅಲಂಕಾರವು ಅತಿ ದಟ್ಟವಾಗಿತ್ತು."

"ಕೇಳಿಸ್ಕೊಂಡ್ಯೇನೇ?" ಚಿಕ್ಕಯ್ಯ ಎದೆ ಉಬ್ಬಿಸಿ ಪೆನ್ನು ಈಸಿಕೊಂಡ. "ಕಂಪನಿಯೋರೇ ಒಪ್ಕೊಂಡ್ರು!" ಎಂದು ಸಹಿ ಹಾಕಿದ.