ಪಕ್ಕದ ಬ್ಯಾಂಡಿನವರ ಗಲಾಟೆ

ಸಂಜೆ ಏಳೂವರೆ. ಧಾರಾವಾಹಿಯ ನಾಯಕಿ ಕೊನೆಗೂ ಅತ್ತೆಗೆ ಎದುರು ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮುಖ ಚೌಕ ಚೌಕವಾಗಿ ಒಡೆದು, ಟಿವಿ ಪರದೆ ಕಪ್ಪಾಯಿತು.

"ಮೂರು ದಿನದಿಂದ ಇದೇ ಗೋಳು. ಹೋಗಿ ಆ ಮಂಜುಳನ್ನ ಕೇಳ್ಕೊಂಡ್ ಬಾ" ಎಂದರು ನಮ್ಮ ಚಿಕ್ಕಮ್ಮ.

ಮಂಜುಳಾ ಅಂದರೆ ಬನ್ನಿಮಂಟಪದಲ್ಲಿ ನಮ್ಮ ಸುತ್ತಲ ಬೀದಿಗಳಿಗೆ ಕೇಬಲ್ ಕೊಡುವವರು. ಬೇರೆ ಆಪರೇಟರ್‌ಗಳೆಲ್ಲ ದೊಡ್ಡ ಕಂಪನಿಗಳ ಲೈನ್ ತೆಗೆದುಕೊಂಡು ಹಾಯಾಗಿದ್ದಾರೆ. ಇವರು ಮಾತ್ರ ಇನ್ನೂ ತಾರಸಿಯ ಮೇಲೆ ಸ್ವಂತ ಡಿಶ್ ಇಟ್ಟುಕೊಂಡು, ಉಪಗ್ರಹದಿಂದ ನೇರವಾಗಿ ಚಾನೆಲ್ ಇಳಿಸುತ್ತಾರೆ. (ಹಠಮಾರಿ ಎಂದು ಹೆಸರಿದೆ. ಅದು ಅವರಿಗೂ ಗೊತ್ತಿದೆ.)

ಮಾರನೆಯ ಬೆಳಿಗ್ಗೆ ಜಗಳಕ್ಕೆಂದೇ ಹೋದೆ. ಅವರು ನೇರ ತಾರಸಿಗೆ ಕರೆದೊಯ್ದು ಎದುರಿನ ಕಟ್ಟಡ ತೋರಿಸಿದರು. ಅದರ ನೆತ್ತಿಯ ಮೇಲೆ ಹೊಸ ಫೈವ್-ಜಿ ಮೊಬೈಲ್ ಟವರ್.

"ಅದು ಆನ್ ಆದ ದಿನದಿಂದ್ಲೇ ಶುರು ಕಣಣ್ಣ. ಬ್ಯಾಂಡು ಅಂದ್ರೆ ಸಿಗ್ನಲ್ಲಿನ ಅಲೆ ಓಡಾಡೋ ದಾರಿ. ಅವರ ಬ್ಯಾಂಡು, ನಮ್ಮ ಬ್ಯಾಂಡು ಅಕ್ಕಪಕ್ಕ. ಉಪಗ್ರಹದ ಸಿಗ್ನಲ್ಲು ಅಷ್ಟು ದೂರದಿಂದ ಬರ್ಬೇಕು, ಪಿಸುಮಾತಿದ್ದಂಗೆ. ಇವ್ರು ಎದುರುಗಡೆ ನಿಂತ್ಕೊಂಡು ಕಿರುಚ್ತಾವ್ರೆ. ಡಿಶ್ಶಿಗೆ ಏನ್ ಕೇಳ್ಸುತ್ತೆ?"

ಫ್ರೀಕ್ವೆನ್ಸಿ ಪಾಠವನ್ನು ನನಗೆ ಇಷ್ಟು ಸರಳವಾಗಿ ಯಾವ ಮೇಷ್ಟ್ರೂ ಮಾಡಿರಲಿಲ್ಲ.

ಅಷ್ಟರಲ್ಲಿ ಟವರ್ ಕಡೆಯ ಎಂಜಿನಿಯರ್ ಬಂದರು. ಮಂಜುಳಾ ನಾಲ್ಕು ಸಲ ಫೋನ್ ಮಾಡಿ ಕರೆಸಿದ್ದರಂತೆ. ಮೀಟರ್ ಹಿಡಿದು ನೋಡಿ, "ಮೇಡಂ, ನಾವು ನಮ್ಮ ಬ್ಯಾಂಡ್ ಒಳಗೇ ಇದೀವಿ. ನಿಮ್ಮ ಡಿಶ್ಶೇ ಹಳೇದು. ಅಲ್ಲಾ, ಈಗ ಯಾರ್ ಕೇಬಲ್ ನೋಡ್ತಾರೆ? ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ" ಎಂದರು.

ನನಗೆ ಸಿಟ್ಟು ಬಂತು. ಚಿಕ್ಕಮ್ಮನ ಕಣ್ಣಿಗೆ ಮೊಬೈಲ್ ಪರದೆ ಕಾಣುವುದಿಲ್ಲ. ಹಾಗಾದರೆ ಅವರು ನೋಡುಗರೇ ಅಲ್ಲವೇ?

ಮಂಜುಳಾ ದನಿ ಏರಿಸಲಿಲ್ಲ. "ಪಕ್ಕದ ಸೈಟಲ್ಲಿ ಪಾಯ ತೆಗೆಯೋರು ನಿಮ್ಮನೆ ಗೋಡೆ ಬಿರುಕು ಬಿಡ್ಸಿ, ನಿಮ್ ಗೋಡೆ ಹಳೇದು ಅಂದ್ರೆ ಒಪ್ತೀರಾ ಸಾರ್?"

ಮೂಲೆಯಲ್ಲಿದ್ದ ದೊಡ್ಡ ತಗಡಿನ ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಡಿಶ್ಶಿಗೂ ಟವರಿಗೂ ನಡುವೆ ಅಡ್ಡ ಹಿಡಿದೆವು. ನೆಲದ ಮೇಲಿಟ್ಟಿದ್ದ ಪುಟ್ಟ ಟಿವಿಯಲ್ಲಿ ಚಿತ್ರ ಕೂಡಿಕೊಂಡಿತು. ತಗಡು ಇಳಿಸಿದೆವು. ಒಡೆಯಿತು. ಮತ್ತೆ ಎತ್ತಿದೆವು. ಬಂತು.

ಎಂಜಿನಿಯರ್ ಟಿವಿ ನೋಡಿದರು, ಟವರ್ ನೋಡಿದರು, ಮೀಟರನ್ನು ಬ್ಯಾಗಿಗೆ ಹಾಕಿಕೊಂಡರು.

"ಈಗ ಕಂಡಿದ್ದನ್ನ ಬರ್ದು ಸೈನ್ ಹಾಕ್ಕೊಡಿ" ಎಂದರು ಮಂಜುಳಾ.

"ಆಫೀಸಲ್ಲಿ ಕೇಳ್ಬೇಕು ಮೇಡಂ." ಹೋದವರು ಮತ್ತೆ ಬರಲಿಲ್ಲ.

ಮಂಜುಳಾ ಕಾಯಲಿಲ್ಲ. ದೂರಸಂಪರ್ಕ ಇಲಾಖೆಗೆ ಟವರಿನವರ ಮೇಲೆ ಕಂಪ್ಲೇಂಟ್ ಬರೆದು ಹಾಕಿದರು. ಪಕ್ಕದ ಬ್ಯಾಂಡಿನ ಸಿಗ್ನಲ್ ತಡೆಯುವ ಫಿಲ್ಟರ್ ತರಿಸಿ, ತಾವೇ ಏಣಿ ಹತ್ತಿ ಡಿಶ್ಶಿಗೆ ಕೂರಿಸಿದರು. ಎರಡು ಚಾನೆಲ್ ಬಿಟ್ಟು ಉಳಿದವೆಲ್ಲ ಬಂದವು. ಆದರೆ ಅಷ್ಟರಲ್ಲಿ ಕೆಲವು ಮನೆಯವರು ಕನೆಕ್ಷನ್ ಬಿಟ್ಟಿದ್ದರು. ಅವರು ವಾಪಸ್ ಬರಲಿಲ್ಲ.

ಮೊನ್ನೆ ಟವರಿನವರು ಫೋನ್ ಮಾಡಿದ್ದರಂತೆ. ಸರಿಹೋಯಿತಲ್ಲ, ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳಿ ಎಂದು.

"ಸರಿ ಮಾಡ್ಕೊಂಡಿದ್ದು ನಾನು. ಕೆಡಿಸಿದ್ದು ಯಾರು ಅಂತ ನೀವು ಬರ್ಕೊಡಿ, ಆಮೇಲೆ ನೋಡಣ ಅಂದ್ಬುಟ್ಟೆ ಕಣಣ್ಣ" ಎಂದು ನನಗೆ ಹೇಳಿದರು.

ಆ ಕಂಪ್ಲೇಂಟಿನಲ್ಲಿ ಸಾಕ್ಷಿಯಾಗಿ ಈಗ ನನ್ನ ಹೆಸರೂ ಇದೆ. ನಾನೇ ಕೇಳಿ ಬರೆಸಿದ್ದು. ನನ್ನ ಜೇಬಿನಲ್ಲಿರುವುದೂ ಫೈವ್-ಜಿ ಫೋನೇ, ಅದು ಬೇಡ ಎನ್ನುವವನು ನಾನಲ್ಲ.

ಆದರೆ ಹೊಸಬರು ಬಂದಾಗಲೆಲ್ಲ ಮೊದಲಿಂದ ಇದ್ದವರೇ ಯಾಕೆ ಸರಿಯಬೇಕು?